ಪ್ರಬಲ ರಾಜಕಾರಣಿಯ ಹಣೆಬರಹ ಬರೆಯುವುದು ಯಾವ ವಕೀಲ? ಜಯಲಲಿತಾ ಪ್ರಕರಣದ ಸುತ್ತ ಒಂದು ಚರ್ಚೆ

ನ್ಯಾಯಾಸಕ್ತ

ದೊಡ್ಡ ರಾಜಕಾರಣಿಯ ಮೇಲೆ ಮೊಕದ್ದಮೆ ಬಿದ್ದ ದಿನವೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಅವರ ಪರ ಯಾರು ವಾದಿಸುತ್ತಾರೆ? ದೆಹಲಿಯಿಂದ ಹಿರಿಯ ವಕೀಲರು ವಿಮಾನ ಏರಿದರೆಂಬ ಸುದ್ದಿ ಬಂದರೆ ಅರ್ಧ ಗೆದ್ದ ಹಾಗೆ ಬೆಂಬಲಿಗರು ಸಂಭ್ರಮಿಸುತ್ತಾರೆ. ಈ ನಂಬಿಕೆ ಎಷ್ಟು ನಿಜ ಎಂದು ಪರೀಕ್ಷಿಸಲು ನಮ್ಮ ಬೆಂಗಳೂರಿನಲ್ಲೇ ನಡೆದ ಜಯಲಲಿತಾ ಅವರ ಆದಾಯ ಮೀರಿದ ಆಸ್ತಿ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹಾ ಅವರು ನಾಲ್ಕು ವರ್ಷ ಸೆರೆವಾಸ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯೊಬ್ಬರು ನೇರವಾಗಿ ಪರಪ್ಪನ ಅಗ್ರಹಾರದ ಜೈಲಿಗೆ ಹೋದರು. ಅಕ್ಟೋಬರ್ 7ರಂದು ರಾಮ್ ಜೇಠ್ಮಲಾನಿ ಅವರು ಕರ್ನಾಟಕ ಹೈಕೋರ್ಟಿನಲ್ಲಿ ಜಾಮೀನಿಗಾಗಿ ವಾದಿಸಿದರು. ಷರತ್ತಿನ ಜಾಮೀನಿಗೆ ಆಕ್ಷೇಪವಿಲ್ಲವೆಂದು ವಿಶೇಷ ಸರ್ಕಾರಿ ಅಭಿಯೋಜಕರೂ (ಆರೋಪಿಯ ವಿರುದ್ಧ ಸರ್ಕಾರದ ಪರ ವಾದಿಸುವ ವಕೀಲರು) ಹೇಳಿಬಿಟ್ಟರು. ಆದರೂ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ ಅವರು ಅರ್ಜಿಯನ್ನು ತಿರಸ್ಕರಿಸಿದರು. ಹತ್ತು ದಿನಗಳ ನಂತರ ಸುಪ್ರೀಂ ಕೋರ್ಟಿನಲ್ಲಿ ಫಾಲಿ ನಾರಿಮನ್ ವಾದಿಸಿದರು, ಜಾಮೀನು ಸಿಕ್ಕಿತು.

ಇಬ್ಬರೂ ದೇಶದ ವಕೀಲಿ ವೃತ್ತಿಯ ಶಿಖರದಲ್ಲಿದ್ದವರು. ಇಬ್ಬರ ಮುಂದಿದ್ದ ಕಡತವೂ ಒಂದೇ, ಕಾನೂನೂ ಒಂದೇ. ಹಾಗಾದರೆ ಫಲ ಬೇರೆಯಾದದ್ದು ವಕೀಲರಿಂದಲೇ? ನ್ಯಾಯಾಲಯದ ಒಳಗನ್ನು ಬಲ್ಲವರು ಬರೆಯಬೇಕು. ಪಕ್ಷದ ಜಗಳ ಇಲ್ಲಿ ಬೇಡ.

ವಕಾಲತ್ತು

ಕೆಳ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಮೊಕದ್ದಮೆ ನಡೆಸುವವನಾಗಿ ಬರೆಯುತ್ತಿದ್ದೇನೆ.

ನಾರಿಮನ್ ಅವರ ವಾದಕ್ಕೆ ಶಕ್ತಿ ಕೊಟ್ಟದ್ದು ಮಾತಿನ ಚಾತುರ್ಯಕ್ಕಿಂತ ಹೆಚ್ಚಾಗಿ ಒಂದು ಮುಚ್ಚಳಿಕೆ. ಹದಿನೆಂಟು ವರ್ಷ ಎಳೆದ ಪ್ರಕರಣ ಅದು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೆ ಮೇಲ್ಮನವಿಯೂ ಇನ್ನೊಂದು ಹದಿನೆಂಟು ವರ್ಷ ಎಳೆಯುತ್ತದೆ ಎಂಬ ಭಯ ಯಾವ ನ್ಯಾಯಮೂರ್ತಿಗೂ ಬರುತ್ತದೆ. ಎರಡು ತಿಂಗಳೊಳಗೆ ಮೇಲ್ಮನವಿಯ ಪೂರ್ಣ ದಾಖಲೆಗಳನ್ನು ಹೈಕೋರ್ಟಿಗೆ ಸಲ್ಲಿಸುತ್ತೇವೆ, ಮುಂದೂಡಿಕೆ ಕೇಳುವುದಿಲ್ಲ ಎಂದು ಕಕ್ಷಿದಾರರ ಪರವಾಗಿ ಭರವಸೆ ಕೊಟ್ಟಾಗ ಆ ಭಯಕ್ಕೆ ಉತ್ತರ ಸಿಕ್ಕಿತು. ಸುಪ್ರೀಂ ಕೋರ್ಟು ಡಿಸೆಂಬರ್ 18ರ ಗಡುವು ಹಾಕಿತು. ಎದುರಿಗಿರುವ ನ್ಯಾಯಮೂರ್ತಿಯ ಮನಸ್ಸಿನಲ್ಲಿರುವ ನಿಜವಾದ ಆತಂಕ ಯಾವುದೆಂದು ಹುಡುಕಿ ಅದಕ್ಕೆ ಉತ್ತರ ಕೊಡುವುದನ್ನು ನಾನು ವಕೀಲಿಯ ಸಾರವೆಂದು ತಿಳಿದಿದ್ದೇನೆ. ಹೆಚ್ಚಿನ ಕಕ್ಷಿದಾರರಿಗೆ ಅದು ಬೇಡ. ತಮ್ಮ ಸಿಟ್ಟನ್ನು ನ್ಯಾಯಾಲಯದಲ್ಲಿ ಜೋರಾಗಿ ಓದಿ ಹೇಳುವವರು ಬೇಕು. ಅಧಿಕಾರ ಇದ್ದವರಲ್ಲಿ ಈ ಚಪಲ ಇನ್ನೂ ಹೆಚ್ಚು.

ಆದರೆ ಜಾಮೀನು ಹಣೆಬರಹವಲ್ಲ. ಹಣೆಬರಹ ಬರೆಯುವುದು ವಿಚಾರಣಾ ನ್ಯಾಯಾಲಯದಲ್ಲಿ. ಈ ಪ್ರಕರಣದಲ್ಲಿ ಅಭಿಯೋಜನೆಯ ಕಡೆ 259 ಸಾಕ್ಷಿಗಳು, ಆರೋಪಿಗಳ ಕಡೆ 99 ಸಾಕ್ಷಿಗಳು. ಅವರ ಪಾಟೀಸವಾಲಿನಲ್ಲಿ, ಅಂದರೆ ಎದುರು ಕಡೆಯ ವಕೀಲರು ಅವರನ್ನು ಪ್ರಶ್ನಿಸುವಾಗ, ಯಾವ ಪ್ರಶ್ನೆ ಕೇಳಲಾಯಿತು, ಯಾವುದನ್ನು ಕೇಳದೆ ಬಿಡಲಾಯಿತು, ಯಾವ ದಾಖಲೆಗೆ ಗುರುತು ಸಂಖ್ಯೆ ಬಿತ್ತು ಎಂಬುದೆಲ್ಲ ಒಮ್ಮೆ ಕಡತ ಸೇರಿದ ಮೇಲೆ ಯಾವ ಹಿರಿಯ ವಕೀಲರೂ ಅದನ್ನು ಅಳಿಸಲಾರರು. ಮೇಲ್ಮನವಿಯಲ್ಲಿ ವಾದಿಸುವವರು ಇನ್ನೊಬ್ಬರು ಕಟ್ಟಿದ ಮನೆಯಲ್ಲಿ ಸಂಸಾರ ಹೂಡಬೇಕಾದವರು. ಗೋಡೆ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಸಂಜೆಓದು

ವಕಾಲತ್ತು ಅವರೇ, ನೀವು ಹೇಳುವುದು ನಿಜವಾದರೆ ರಾಜಕಾರಣಿಗಳು ಅಷ್ಟೊಂದು ಹಣ ಸುರಿದು ಹಿರಿಯರನ್ನು ಕರೆತರುವುದೇಕೆ? ಅವರೇನು ದಡ್ಡರೇ?

ವಕಾಲತ್ತು

ದಡ್ಡರಲ್ಲ. ಹಿರಿಯರನ್ನು ಕರೆತರುವುದರಿಂದ ಪ್ರಯೋಜನ ಖಂಡಿತ ಇದೆ. ಅನುಭವಿ ವಕೀಲರಿಗೆ ಐವತ್ತು ಅಂಶಗಳಲ್ಲಿ ಗೆಲ್ಲುವ ಎರಡು ಯಾವುವೆಂದು ಗೊತ್ತಿರುತ್ತದೆ. ಅವರು 'ಈ ಅಂಶವನ್ನು ಒತ್ತುವುದಿಲ್ಲ' ಎಂದು ಬಿಟ್ಟುಕೊಟ್ಟಾಗ ಉಳಿದದ್ದಕ್ಕೆ ತೂಕ ಬರುತ್ತದೆ.

ಆದರೆ ನಮ್ಮ ವ್ಯವಸ್ಥೆಯಲ್ಲಿ ಹಿರಿಯ ವಕೀಲರೆಂಬ ಮಾನ್ಯತೆ ಪಡೆದವರು ತಾವೇ ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಕೆಲಸ ಹಿಡಿಯುವಂತಿಲ್ಲ. ಅವರಿಗೆ ಕಡತ ಸಿದ್ಧಪಡಿಸಿ ಕೊಡುವವರು ಇನ್ನೊಬ್ಬ ವಕೀಲರು. ಆ ಇನ್ನೊಬ್ಬರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಹಿಂದಿನ ರಾತ್ರಿ ಟಿಪ್ಪಣಿ ಬರೆದವರು ಬ್ಯಾಂಕ್ ಖಾತೆಯ ಒಂದು ನಮೂದನ್ನು ತಪ್ಪಾಗಿ ಓದಿದ್ದರೆ ಮರುದಿನ ಹಿರಿಯರೂ ಅದನ್ನೇ ಹೇಳುತ್ತಾರೆ. ಮೇಲಿನ ಹೆಸರನ್ನು ಆರಿಸುವಾಗ ತೋರುವ ಶ್ರದ್ಧೆಯ ಕಾಲುಭಾಗವನ್ನೂ ಈ ಎರಡನೆಯ ಸಾಲಿನ ಆಯ್ಕೆಯಲ್ಲಿ ತೋರದ ಕಕ್ಷಿದಾರರನ್ನು ನಾನು ಬಹಳ ಕಂಡಿದ್ದೇನೆ.

ಕಡತ

ಇಲ್ಲಿಯವರೆಗೆ ಎಲ್ಲರೂ ಆರೋಪಿಯ ಪರ ವಕೀಲರ ಬಗ್ಗೆಯೇ ಮಾತನಾಡಿದ್ದೀರಿ. ನನ್ನ ಮಟ್ಟಿಗೆ ಈ ಪ್ರಕರಣದ ಜೀವಾಳ ಎದುರು ಬದಿಯ ಕುರ್ಚಿ. ಸಾಮಾನ್ಯ ಆರೋಪಿ ತನ್ನ ವಕೀಲರನ್ನಷ್ಟೇ ಆರಿಸಬಲ್ಲ. ಸರ್ಕಾರವನ್ನೇ ನಡೆಸುವ ಆರೋಪಿಗೆ ತನ್ನ ವಿರುದ್ಧ ಯಾರು ವಾದಿಸಬೇಕು ಎಂಬುದರ ಮೇಲೂ ಕೈ ಹಾಕುವ ಅವಕಾಶ ಒದಗುತ್ತದೆ. ಕ್ರಮವಾಗಿ ಹೇಳುತ್ತೇನೆ, ಸಹನೆಯಿಂದ ಓದಿ.

1991ರಿಂದ 1996ರವರೆಗಿನ ಮೊದಲ ಅಧಿಕಾರಾವಧಿಯಲ್ಲಿ 66.65 ಕೋಟಿ ರೂಪಾಯಿ ಅಕ್ರಮ ಆಸ್ತಿ ಗಳಿಸಿದರೆಂಬುದು ಆರೋಪ. ವಿಚಾರಣೆ ಚೆನ್ನೈನಲ್ಲಿ ಶುರುವಾಯಿತು. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದರು. ಅದಾದ ಮೇಲೆ, ಈಗಾಗಲೇ ಹೇಳಿಕೆ ಕೊಟ್ಟಿದ್ದ 76 ಸಾಕ್ಷಿಗಳನ್ನು ಪಾಟೀಸವಾಲಿಗೆಂದು ಮರಳಿ ಕರೆಸಲಾಯಿತು. ಅವರಲ್ಲಿ 64 ಮಂದಿ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು. ಸರ್ಕಾರಿ ವಕೀಲರು ಮರಳಿ ಕರೆಸುವುದನ್ನು ವಿರೋಧಿಸಲಿಲ್ಲ. ತಿರುಗಿಬಿದ್ದವರನ್ನು ಪ್ರತಿಕೂಲ ಸಾಕ್ಷಿಗಳೆಂದು ಘೋಷಿಸಿ ಪ್ರಶ್ನಿಸಲು ಮುಂದಾಗಲೂ ಇಲ್ಲ. ಡಿಎಂಕೆಯ ಕೆ. ಅನ್ಬಳಗನ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2003ರ ನವೆಂಬರ್ 18ರಂದು ಪ್ರಕರಣವನ್ನು ಬೆಂಗಳೂರಿಗೆ ವರ್ಗಾಯಿಸಿದ್ದು ಇದೇ ಕಾರಣಕ್ಕೆ. ಅಭಿಯೋಜಕರನ್ನು ಕರ್ನಾಟಕ ಸರ್ಕಾರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಂದಿಗೆ ಸಮಾಲೋಚಿಸಿ ನೇಮಿಸಬೇಕೆಂದೂ ಆದೇಶಿಸಿತು. ಒಂದು ರಾಜ್ಯದ ಸರ್ಕಾರಿ ವಕೀಲರು ಸುಮ್ಮನೆ ಕುಳಿತದ್ದು ಇಡೀ ಮೊಕದ್ದಮೆಯನ್ನು ಗಡಿ ದಾಟಿಸಿತು ಎಂಬುದನ್ನು ಗಮನಿಸಿ.

ಇಲ್ಲಿ ಬಂದವರು ಬಿ.ವಿ. ಆಚಾರ್ಯ. ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿ ಹಲವು ಬಾರಿ ಕೆಲಸ ಮಾಡಿದವರು. ಒಂದು ಹಂತದಲ್ಲಿ ಆ ಹುದ್ದೆ ಅಥವಾ ಈ ಪ್ರಕರಣ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಅವರು ಅಡ್ವೊಕೇಟ್ ಜನರಲ್ ಹುದ್ದೆಯನ್ನೇ ಬಿಟ್ಟರು. 2012ರಲ್ಲಿ ಪ್ರಕರಣದಿಂದಲೂ ಹೊರಬಂದರು. 2013ರಲ್ಲಿ ಜಿ. ಭವಾನಿ ಸಿಂಗ್ ಅವರ ನೇಮಕವಾಯಿತು. ಅದೇ ವರ್ಷ ಕರ್ನಾಟಕ ಸರ್ಕಾರ ಆ ನೇಮಕವನ್ನು ಹಿಂತೆಗೆದುಕೊಂಡಾಗ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಯಾರು ಗೊತ್ತೇ? ಆರೋಪಿಗಳು. ತಮ್ಮ ವಿರುದ್ಧ ವಾದಿಸುವ ವಕೀಲರನ್ನು ಬದಲಿಸಬಾರದು ಎಂದು ಆರೋಪಿಗಳೇ ಬೇಡಿಕೊಂಡರು ಮತ್ತು 2013ರ ಸೆಪ್ಟೆಂಬರ್ 30ರಂದು ಗೆದ್ದರು.

ಸೋತಿದ್ದರೆ ಏನಾಗುತ್ತಿತ್ತು ಎಂದು ಊಹಿಸುವ ಅಗತ್ಯವಿಲ್ಲ, ಏಕೆಂದರೆ ಅವರು ಗೆದ್ದ ಒಂದು ವರ್ಷದೊಳಗೆ ಶಿಕ್ಷೆಯಾಯಿತು. ಡಿ'ಕುನ್ಹಾ ಅವರು ಕಡತವನ್ನು ತಾವೇ ಹಾಳೆ ಹಾಳೆಯಾಗಿ ಓದಿದ್ದರು. ಆ ಓದನ್ನು ಯಾವ ವಕೀಲರ ಆಯ್ಕೆಯೂ ತಡೆಯಲಾಗಲಿಲ್ಲ.

ನ್ಯಾಯಾಸಕ್ತ

ಕಡತ ಅವರೇ, ಈ ವಿವರಕ್ಕಾಗಿ ಧನ್ಯವಾದ. ಹೈಕೋರ್ಟಿನ ಹಂತದ ಅಭಿಯೋಜಕರ ಕಥೆಯನ್ನೂ ಬರೆಯಿರಿ. ಖುಲಾಸೆಗೆ ಅದೇ ಕಾರಣವೆಂದು ಬಹಳ ಜನ ಹೇಳುತ್ತಾರೆ.

ಕಡತ

ಶಿಕ್ಷೆಯಾದ ಕೂಡಲೇ ತಮಿಳುನಾಡು ಸರ್ಕಾರ, ಅಂದರೆ ಅಪರಾಧಿಯೆಂದು ತೀರ್ಮಾನವಾದವರ ಪಕ್ಷದ ಸರ್ಕಾರ, ಹೈಕೋರ್ಟಿನ ಮೇಲ್ಮನವಿಗೂ ಭವಾನಿ ಸಿಂಗ್ ಅವರನ್ನೇ ನೇಮಿಸಿತು. ಅನ್ಬಳಗನ್ ಮತ್ತೆ ಸುಪ್ರೀಂ ಕೋರ್ಟಿಗೆ ಹೋದರು. ಇಬ್ಬರು ನ್ಯಾಯಮೂರ್ತಿಗಳ ಪೀಠದಲ್ಲಿ ಅಭಿಪ್ರಾಯ ಒಡೆಯಿತು, ಮೂವರ ಪೀಠಕ್ಕೆ ಹೋಯಿತು. 2015ರ ಏಪ್ರಿಲ್ 27ರಂದು ತೀರ್ಪು ಬಂತು: ನೇಮಕ ಕಾನೂನುಬಾಹಿರ, ನೇಮಿಸುವ ಅಧಿಕಾರ ಕರ್ನಾಟಕದ್ದು ಮಾತ್ರ.

ಅಷ್ಟರಲ್ಲಿ ಹೈಕೋರ್ಟಿನಲ್ಲಿ ವಾದ ಮುಗಿದು ತೀರ್ಪು ಕಾಯ್ದಿರಿಸಲಾಗಿತ್ತು. ಹೊಸದಾಗಿ ವಾದ ಆಲಿಸಬೇಕಿಲ್ಲ, ಕರ್ನಾಟಕ ಮರುದಿನದೊಳಗೆ 50 ಪುಟ ಮೀರದ ಲಿಖಿತ ವಾದ ಸಲ್ಲಿಸಲಿ ಎಂದು ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕ ಮತ್ತೆ ಆಚಾರ್ಯರನ್ನು ಕರೆಯಿತು. 259 ಸಾಕ್ಷಿಗಳ ಪ್ರಕರಣಕ್ಕೆ ಒಂದು ದಿನ, ಐವತ್ತು ಪುಟ, ನಿಂತು ವಾದಿಸುವ ಅವಕಾಶವಿಲ್ಲ. ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಅವರು ಎಲ್ಲರನ್ನೂ ಖುಲಾಸೆಗೊಳಿಸಿದರು.

ಇದರಲ್ಲಿ ನನ್ನನ್ನು ಈಗಲೂ ಕಾಡುವುದು ಸುಪ್ರೀಂ ಕೋರ್ಟಿನ ಪರಿಹಾರದ ರೀತಿ. ಅಭಿಯೋಜಕರ ನೇಮಕವೇ ಸರಿಯಿರಲಿಲ್ಲ ಎಂದ ಮೇಲೆ ಅವರ ಕಾಲದಲ್ಲಿ ನಡೆದ ವಾದವನ್ನು ಉಳಿಸಿಕೊಂಡದ್ದು ಹೇಗೆ ಸರಿ? ಮೇಲ್ಮನವಿಯನ್ನು ಮೂರು ತಿಂಗಳಲ್ಲಿ ಮುಗಿಸಬೇಕೆಂಬ ಗಡುವಿನ ಒತ್ತಡ ಇತ್ತೆಂದು ತಿಳಿಯುತ್ತದೆ. ಆದರೂ ಜನತೆಯ ಪರವಾಗಿ ನಿಂತು ವಾದಿಸಲು ಅಧಿಕಾರವಿದ್ದ ಒಬ್ಬರೂ ಇಲ್ಲದೆ ಆ ಮೇಲ್ಮನವಿ ನಡೆದುಹೋಯಿತು. ಇದು ಸಣ್ಣ ಕೊರತೆಯಲ್ಲ.

ಲೆಕ್ಕದವಳು

ನಾನು ವಕೀಲೆಯಲ್ಲ, ಲೆಕ್ಕಪತ್ರ ನೋಡುವವಳು. ಖುಲಾಸೆಯ ತೀರ್ಪು ಬಂದಾಗ ನಾನು ಮೊದಲು ತೆರೆದದ್ದು ಅದರಲ್ಲಿದ್ದ ಸಾಲದ ಪಟ್ಟಿಯನ್ನು.

ಹೈಕೋರ್ಟಿನ ಪ್ರಕಾರ ಆರೋಪಿಗಳ ಆದಾಯ ಸುಮಾರು 34.76 ಕೋಟಿ, ಆಸ್ತಿ ಸುಮಾರು 37.59 ಕೋಟಿ. ವ್ಯತ್ಯಾಸ 2.82 ಕೋಟಿ, ಆದಾಯದ ಶೇ 8.12. ವ್ಯತ್ಯಾಸ ಶೇ 10ರೊಳಗಿದ್ದರೆ ಆರೋಪಿಗೆ ಅದರ ಲಾಭ ಕೊಡಬಹುದೆಂಬ ಮಾತು ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದರಿಂದ ಬಂದಿದೆ. ಹಾಗಾಗಿ ಖುಲಾಸೆ. ಆದರೆ ಆದಾಯದೊಳಗೆ ಸೇರಿಸಿದ್ದ ಬ್ಯಾಂಕ್ ಸಾಲಗಳ ಪಟ್ಟಿಯ ಮೊತ್ತವನ್ನು ತೀರ್ಪಿನಲ್ಲಿ 24.17 ಕೋಟಿ ಎಂದು ಬರೆಯಲಾಗಿತ್ತು. ಪಟ್ಟಿಯಲ್ಲಿದ್ದ ಹತ್ತು ಅಂಕಿಗಳನ್ನು ಕೂಡಿಸಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿ ಹೆಚ್ಚು! ಅದನ್ನು ಕಳೆದರೆ ಆದಾಯ ಸುಮಾರು 21.26 ಕೋಟಿಗೆ ಇಳಿಯುತ್ತದೆ, ವ್ಯತ್ಯಾಸ 16 ಕೋಟಿ ದಾಟುತ್ತದೆ, ಶೇಕಡಾವಾರು 76ರ ಮೇಲೆ ಹೋಗುತ್ತದೆ. ಆಚಾರ್ಯ ಅವರು ಇದನ್ನು ತಕ್ಷಣವೇ ಬಹಿರಂಗವಾಗಿ ಎತ್ತಿ ತೋರಿಸಿದರು. ಕರ್ನಾಟಕ ಸರ್ಕಾರ ಮೇಲ್ಮನವಿ ಸಲ್ಲಿಸಲು ಇದು ದೊಡ್ಡ ಬಲವಾಯಿತು.

ಹೈಕೋರ್ಟಿನಲ್ಲಿ ಎದುರು ಬದಿಯ ವಕೀಲರು ದಿನಗಟ್ಟಲೆ ನಿಂತು ಪ್ರತಿಯೊಂದು ಸಾಲದ ಲೆಕ್ಕವನ್ನು ನ್ಯಾಯಮೂರ್ತಿಗಳ ಮುಂದೆ ಕೂಡಿಸಿ ಕಳೆದು ತೋರಿಸಿದ್ದರೆ ಈ ತಪ್ಪು ತೀರ್ಪಿನವರೆಗೆ ಬರುತ್ತಿತ್ತೇ? ಬರುತ್ತಿರಲಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಅಂಕಿಗಳ ಪ್ರಕರಣದಲ್ಲಿ ವಕೀಲರ ಮೊದಲ ಕರ್ತವ್ಯ ಬೇಸರವಿಲ್ಲದೆ ಕೂಡಿಸುವುದು. ಕವಿತೆ, ಗಾದೆ, ಸಂವಿಧಾನದ ಘನತೆ ಎಲ್ಲ ಆಮೇಲೆ.

ಕರಾವಳಿಯ ಓದುಗ

ವಿಷಯವನ್ನು ಸ್ವಲ್ಪ ಹಿಂದಕ್ಕೆ ಒಯ್ಯುತ್ತೇನೆ. ರಾಜಕಾರಣಿ ಮತ್ತು ವಕೀಲರ ಸಂಬಂಧ ಅತ್ಯಂತ ತೀವ್ರವಾಗಿ ಕಾಣುವುದು 1975ರ ಇಂದಿರಾ ಗಾಂಧಿ ಪ್ರಕರಣದಲ್ಲಿ.

ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಅವರು ರಾಯ್ ಬರೇಲಿಯ ಆಯ್ಕೆಯನ್ನು ಅಸಿಂಧುಗೊಳಿಸಿದರು. ಸುಪ್ರೀಂ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಲು ಇಂದಿರಾ ಆರಿಸಿದ್ದು ನಾನಿ ಪಾಲ್ಖಿವಾಲಾ ಅವರನ್ನು. ಎರಡು ವರ್ಷ ಹಿಂದೆಯಷ್ಟೇ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಪ್ರಕರಣದಲ್ಲಿ ಅದೇ ಸರ್ಕಾರದ ವಿರುದ್ಧ ವಾದಿಸಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂಬ ತತ್ವವನ್ನು ಗೆದ್ದುಕೊಟ್ಟವರು ಅವರು. ತನ್ನನ್ನು ಸೋಲಿಸಿದ ವಕೀಲರನ್ನೇ ತನ್ನ ಪರ ನಿಲ್ಲಿಸಿಕೊಳ್ಳುವುದು ಜಾಣ ಆಯ್ಕೆ. ಜೂನ್ 24ರಂದು ರಜಾಕಾಲದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಷರತ್ತಿನ ತಡೆಯಾಜ್ಞೆ ಕೊಟ್ಟರು: ಪ್ರಧಾನಿಯಾಗಿ ಮುಂದುವರಿಯಬಹುದು, ಸದನಕ್ಕೆ ಬರಬಹುದು, ಸಂಸದರಾಗಿ ಮತ ಹಾಕುವಂತಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಅದು ಸೋಲಲ್ಲ. ಉಸಿರಾಡಲು ಬೇಕಾದಷ್ಟು ಅವಕಾಶ ಸಿಕ್ಕಿತ್ತು. ಆದರೆ ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪಾಲ್ಖಿವಾಲಾ ಪ್ರಕರಣವನ್ನು ಮರಳಿಸಿದರು. ಅದೇ ನವೆಂಬರಿನಲ್ಲಿ, ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಲು ಹದಿಮೂರು ನ್ಯಾಯಮೂರ್ತಿಗಳ ಪೀಠ ಕುಳಿತಾಗ ಅವರು ಸರ್ಕಾರದ ಎದುರು ನಿಂತರು, ಆ ಪೀಠ ಎರಡು ದಿನಗಳ ವಾದದ ನಂತರ ವಿಸರ್ಜನೆಯಾಯಿತು.

ದೇಶದ ಅತ್ಯುತ್ತಮ ವಕೀಲರು ಕೈಯಲ್ಲಿದ್ದರೂ ಅವರು ತೋರಿಸಿದ ಕಾನೂನಿನ ದಾರಿಯನ್ನು ಕಕ್ಷಿದಾರರು ಒಂದು ದಿನವೂ ನಂಬಲಿಲ್ಲ. ಇದು ನನಗೆ ಇಂದಿಗೂ ಸಂಕಟ ತರುವ ಸಂಗತಿ.

ಸಂಜೆಓದು

ಒಂದು ಪ್ರಶ್ನೆ. ನಡುದಾರಿಯಲ್ಲಿ ಪ್ರಕರಣ ಬಿಟ್ಟುಹೋಗುವುದು ವಕೀಲರಿಗೆ ಒಪ್ಪುವ ನಡತೆಯೇ? ವೈದ್ಯರು ಹಾಗೆ ಮಾಡಿದರೆ ನಾವು ಒಪ್ಪುತ್ತೇವೆಯೇ?

ವಕಾಲತ್ತು

ಒಳ್ಳೆಯ ಪ್ರಶ್ನೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ, ಒಪ್ಪಿಕೊಂಡ ಪ್ರಕರಣವನ್ನು ಸಕಾರಣವಿಲ್ಲದೆ, ಮುಂಚಿತವಾಗಿ ತಿಳಿಸದೆ ಬಿಡುವಂತಿಲ್ಲ. ಆದರೆ ಅದೇ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ: ವಕೀಲರು ಕಕ್ಷಿದಾರರ ಬಾಯಿಯಷ್ಟೇ ಆಗಬಾರದು, ಕಕ್ಷಿದಾರರು ಅನುಚಿತ ನಡತೆಯನ್ನು ಬಿಡದಿದ್ದರೆ ಅವರ ಪರ ನಿಲ್ಲಲು ನಿರಾಕರಿಸಬೇಕು. ವಿರೋಧ ಪಕ್ಷದವರನ್ನು ರಾತ್ರೋರಾತ್ರಿ ಜೈಲಿಗೆ ತುಂಬಿದ್ದು ಸಕಾರಣವಲ್ಲದಿದ್ದರೆ ಇನ್ನು ಯಾವುದು ಸಕಾರಣ?

ಕರಾವಳಿಯ ಓದುಗರ ಮಾತಿಗೆ ಒಂದು ಸೇರಿಸುತ್ತೇನೆ. ಆ ಪ್ರಕರಣ ಸೋತದ್ದು ಪಾಲ್ಖಿವಾಲಾ ಬರುವ ಮುಂಚೆಯೇ, ಅಲಹಾಬಾದಿನ ಸಾಕ್ಷಿಕಟ್ಟೆಯಲ್ಲಿ. ಇಂದಿರಾ ಅವರ ವಕೀಲರು ಎಸ್.ಸಿ. ಖರೆ, ಚುನಾವಣೆಯಲ್ಲಿ ಸೋತು ಮೊಕದ್ದಮೆ ಹೂಡಿದ್ದ ರಾಜ್ ನಾರಾಯಣ್ ಅವರ ವಕೀಲರು ಶಾಂತಿ ಭೂಷಣ್. ಅಭ್ಯರ್ಥಿಯಾದ ಮೇಲೆ ಸರ್ಕಾರಿ ನೌಕರ ಯಶಪಾಲ್ ಕಪೂರ್ ಅವರನ್ನು ಚುನಾವಣೆಗೆ ಬಳಸಿಕೊಂಡರೇ ಎಂಬುದು ಮುಖ್ಯ ಪ್ರಶ್ನೆ. ಅವರ ರಾಜೀನಾಮೆಯ ದಿನಾಂಕ 1971ರ ಜನವರಿ 13. ಹಾಗಾಗಿ ಇಡೀ ಪ್ರಕರಣ ಒಂದು ದಿನಾಂಕದ ಮೇಲೆ ನಿಂತಿತು: ಇಂದಿರಾ ತಮ್ಮನ್ನು ಅಭ್ಯರ್ಥಿಯೆಂದು ಬಿಂಬಿಸಿಕೊಂಡದ್ದು ಯಾವಾಗ? ನಾಮಪತ್ರದ ದಿನವಾದ ಫೆಬ್ರವರಿ 1 ಎಂದು ಅವರ ಪರ ವಾದ. 1970ರ ಡಿಸೆಂಬರ್ 29ರ ಪತ್ರಿಕಾಗೋಷ್ಠಿಯಲ್ಲಿ, ಕ್ಷೇತ್ರ ಬದಲಿಸುತ್ತೀರಾ ಎಂದು ಕೇಳಿದಾಗ ಇಲ್ಲ ಎಂದು ಕೊಟ್ಟ ಒಂದು ಉತ್ತರವೇ ಸಾಕು ಎಂದು ಎದುರು ವಾದ. 1975ರ ಮಾರ್ಚಿನಲ್ಲಿ ಪ್ರಧಾನಿ ಸ್ವತಃ ಸಾಕ್ಷಿ ನುಡಿಯಲು ಬಂದಾಗ ಭೂಷಣ್ ಅವರ ಪಾಟೀಸವಾಲು ಇದನ್ನೇ ಹಿಂಡಿತು. ನ್ಯಾಯಮೂರ್ತಿಗಳು ಡಿಸೆಂಬರ್ 29ನ್ನೇ ಒಪ್ಪಿದರು.

ಕಕ್ಷಿದಾರರನ್ನು ಸಾಕ್ಷಿಕಟ್ಟೆಗೆ ಹತ್ತಿಸಬೇಕೇ ಬೇಡವೇ ಎಂಬುದು ವಕೀಲರು ಎದುರಿಸುವ ಅತಿ ಕಷ್ಟದ ತೀರ್ಮಾನ. ಪ್ರಬಲ ನಾಯಕರಿಗೆ ಜನಸಭೆಯ ಅಭ್ಯಾಸ ಇರುತ್ತದೆ. ಪಾಟೀಸವಾಲಿನಲ್ಲಿ ಚಪ್ಪಾಳೆ ಇಲ್ಲ, ಮಾತು ತಪ್ಪಿಸಿಕೊಳ್ಳಲು ದಾರಿಯೂ ಇಲ್ಲ. 'ನೀವು ಅಲ್ಲಿಗೆ ಹೋಗಬೇಡಿ' ಎಂದು ಪ್ರಧಾನಿಗೆ ಮುಖಕ್ಕೆ ಹೇಳಬಲ್ಲ ವಕೀಲರು ಎಷ್ಟು ಜನ ಸಿಕ್ಕಾರು?

ಹೊರನಾಡಿಗ

ಅಮೆರಿಕದಲ್ಲಿದ್ದು ಈ ಚರ್ಚೆ ಓದುತ್ತಿರುವವನಿಗೆ ಟ್ರಂಪ್ ಪ್ರಕರಣಗಳು ನೆನಪಾಗದಿರುವುದಿಲ್ಲ. ಅಲ್ಲಿ ವಕೀಲರೇ ಸಾಕ್ಷಿಗಳಾದರು.

ಮೈಕೆಲ್ ಕೋಹೆನ್ ವರ್ಷಗಟ್ಟಲೆ ಟ್ರಂಪ್ ಅವರ ಆಪ್ತ ವಕೀಲರಾಗಿದ್ದರು. ಒಡೆಯನ ಪ್ರತಿಯೊಂದು ಕಷ್ಟವನ್ನೂ ಹೇಗಾದರೂ ಪರಿಹರಿಸುವ ಮನುಷ್ಯನೆಂದೇ ಖ್ಯಾತಿ. 2024ರ ಮೇ 30ರಂದು ನ್ಯೂಯಾರ್ಕಿನ ಜ್ಯೂರಿ 34 ಆರೋಪಗಳಲ್ಲಿಯೂ ಟ್ರಂಪ್ ತಪ್ಪಿತಸ್ಥರೆಂದು ಹೇಳಿದ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿ ಅವರೇ. ರಹಸ್ಯ ದಾಖಲೆಗಳ ಪ್ರಕರಣದಲ್ಲಿ ಇನ್ನೊಬ್ಬ ವಕೀಲ ಇವಾನ್ ಕಾರ್ಕೊರನ್ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳು ಆರೋಪಪಟ್ಟಿಯ ಆಧಾರಗಳಲ್ಲಿ ಒಂದಾದವು. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತು ಗೋಪ್ಯ, ಅದು ಬಹಳಷ್ಟು ದೇಶಗಳಲ್ಲಿ ಇರುವ ರಕ್ಷಣೆ. ಆದರೆ ಅಪರಾಧ ನಡೆಸಲು ವಕೀಲರ ಸೇವೆಯನ್ನು ಬಳಸಿಕೊಂಡಿದ್ದರೆ ಆ ರಕ್ಷಣೆ ಬಿದ್ದುಹೋಗುತ್ತದೆ ಎಂಬ ಅಪವಾದವನ್ನು 2023ರ ಮಾರ್ಚಿನಲ್ಲಿ ನ್ಯಾಯಾಲಯ ಅನ್ವಯಿಸಿತು. ತಮ್ಮ ರಕ್ಷಣೆಗಾಗಿ ಸೂಕ್ಷ್ಮವಾಗಿ ಎಲ್ಲವನ್ನೂ ಬರೆದಿಡುವ ಎಚ್ಚರದ ವಕೀಲರನ್ನು ಆರಿಸಿಕೊಂಡದ್ದು ಕಕ್ಷಿದಾರರಿಗೆ ತಿರುಗುಬಾಣವಾಯಿತು.

ಇನ್ನೊಂದು ಬದಿಯೂ ಇದೆ. ಅಧ್ಯಕ್ಷರಾಗಿದ್ದಾಗಿನ ಅಧಿಕೃತ ಕೃತ್ಯಗಳಿಗೆ ಕ್ರಿಮಿನಲ್ ವಿಚಾರಣೆಯಿಂದ ವಿನಾಯಿತಿ ಬೇಕೆಂದು ವಾದಿಸಿದವರು ಜಾನ್ ಸಾವರ್. 2024ರ ಜುಲೈ 1ರಂದು ಸುಪ್ರೀಂ ಕೋರ್ಟು 6–3ರ ಬಹುಮತದಿಂದ ವಿನಾಯಿತಿಯ ಬಹುಪಾಲನ್ನು ಕೊಟ್ಟಿತು. ಆ ವಾದ ಮೊದಲು ಕೇಳಿದಾಗ ಅನೇಕ ಕಾನೂನು ಪಂಡಿತರಿಗೆ ಅತಿರೇಕ ಅನಿಸಿತ್ತು. ಟ್ರಂಪ್ ಚುನಾವಣೆ ಗೆದ್ದ ಮೇಲೆ ಸಾವರ್ ಸಾಲಿಸಿಟರ್ ಜನರಲ್ ಆದರು, ನ್ಯೂಯಾರ್ಕಿನಲ್ಲಿ ವಾದಿಸಿದ್ದ ಟಾಡ್ ಬ್ಲಾಂಚ್ ಉಪ ಅಟಾರ್ನಿ ಜನರಲ್ ಆದರು. ಖಾಸಗಿ ರಕ್ಷಣೆಗೆ ನಿಂತವರು ದೇಶದ ಅಭಿಯೋಜನಾ ಇಲಾಖೆಯ ಮೇಲ್ಪಂಕ್ತಿಗೆ ಹೋದರು. ಕಡತ ಅವರು ಹೇಳಿದ 'ಎದುರು ಬದಿಯ ಕುರ್ಚಿ' ನನಗೆ ಇಲ್ಲಿಯೂ ಕಾಣುತ್ತದೆ.

ಸಂಜೆಓದು

ಈ ಚರ್ಚೆಯ ಧಾಟಿಗೆ ನನ್ನದೊಂದು ಆಕ್ಷೇಪವಿದೆ, ಬಿಚ್ಚಿ ಹೇಳುತ್ತೇನೆ. ಪ್ರಬಲರ ಪರ ನಿಂತ ವಕೀಲರೆಲ್ಲ ಅವರ ಕೈಗೊಂಬೆಗಳು ಎಂಬ ಭಾವ ಓದುಗರಿಗೆ ಬರಬಾರದು. ಸಂವಿಧಾನದ 22(1)ನೇ ವಿಧಿ ಬಂಧಿತ ವ್ಯಕ್ತಿಗೆ ತನ್ನ ಇಷ್ಟದ ವಕೀಲರ ಮೂಲಕ ರಕ್ಷಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಅದು ಮುಖ್ಯಮಂತ್ರಿಗೂ ಉಂಟು, ಜೇಬುಗಳ್ಳನಿಗೂ ಉಂಟು. ಇಂಥವರ ಪರ ಯಾರೂ ವಾದಿಸಬಾರದು ಎಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಳೆ ಸರ್ಕಾರಕ್ಕೆ ಇಷ್ಟವಿಲ್ಲದ ಬಡವನೊಬ್ಬನ ಪರ ಯಾರಾದರೂ ನಿಲ್ಲಬೇಕಾದರೆ ಇಂದು ಪ್ರಬಲರ ಪರ ನಿಂತವರನ್ನು ನಾವು ಹಳಿಯಬಾರದು.

ನ್ಯಾಯಾಸಕ್ತ

ಸಂಜೆಓದು ಅವರೇ, ಇದನ್ನು ಪೂರ್ತಿ ಒಪ್ಪುತ್ತೇನೆ. ಜೇಠ್ಮಲಾನಿ, ನಾರಿಮನ್ ಇಬ್ಬರೂ ತಮ್ಮ ವೃತ್ತಿಧರ್ಮವನ್ನೇ ಮಾಡಿದರು. ರಕ್ಷಣೆಯ ವಕೀಲರನ್ನು ಆರಿಸುವುದು ಹಕ್ಕು. ಅಭಿಯೋಜಕರನ್ನು ಆರಿಸುವುದು ಆರೋಪಿಯ ಹಕ್ಕಲ್ಲ, ಎಂದೂ ಆಗಬಾರದು. ನನ್ನ ತಕರಾರು ಈ ಎರಡನೆಯದರ ಬಗ್ಗೆ ಮಾತ್ರ.

ಸಮಾನತೆಯ ಪ್ರಶ್ನೆಯೂ ಇದೆ. ಶಿಕ್ಷೆಯಾದ ಮೂರು ವಾರದೊಳಗೆ ದೇಶದ ಅತ್ಯುನ್ನತ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳ ಪೀಠದ ಮುಂದೆ ಜಾಮೀನು ಅರ್ಜಿ ಬಂದು, ಆದೇಶವಾಗಿ, ಬಿಡುಗಡೆಯೂ ಆಯಿತು. ಅದೇ ಪರಪ್ಪನ ಅಗ್ರಹಾರದಲ್ಲಿ ಅದೇ ದಿನಗಳಲ್ಲಿ ವಿಚಾರಣೆಯೇ ಶುರುವಾಗದೆ ಕುಳಿತಿದ್ದವರೂ ಇದ್ದರು. ವೇಗವಾಗಿ ನ್ಯಾಯ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆ ವೇಗ ಎಲ್ಲರಿಗೂ ಸಿಗಬೇಕಾದದ್ದು, ಈಗ ಅದನ್ನು ತರುವುದು ವಕೀಲರ ಹೆಸರು ಎಂಬುದು ನನ್ನ ದುಃಖ.

ಲೆಕ್ಕದವಳು

ಕೊನೆಗೆ ಏನಾಯಿತೆಂದು ಯಾರೂ ಬರೆಯಲಿಲ್ಲ. 2016ರ ಡಿಸೆಂಬರ್ 5ರಂದು ಜಯಲಲಿತಾ ತೀರಿಕೊಂಡರು. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಅವರ ಪೀಠ ಹೈಕೋರ್ಟಿನ ಖುಲಾಸೆಯನ್ನು ರದ್ದುಪಡಿಸಿ ಡಿ'ಕುನ್ಹಾ ಅವರ ತೀರ್ಪನ್ನು ಎತ್ತಿಹಿಡಿಯಿತು. ಉಳಿದ ಆರೋಪಿಗಳಾದ ಶಶಿಕಲಾ, ಇಳವರಸಿ, ಸುಧಾಕರನ್ ಮರುದಿನವೇ ಬೆಂಗಳೂರಿಗೆ ಬಂದು ಶರಣಾಗಬೇಕಾಯಿತು. ಜಯಲಲಿತಾ ಅವರ ಮಟ್ಟಿಗೆ ಮೊಕದ್ದಮೆ ಅವರ ಮರಣದೊಂದಿಗೆ ಮುಗಿದಿತ್ತು. ವಿಚಾರಣಾ ನ್ಯಾಯಾಲಯದ ಲೆಕ್ಕವೇ ಕೊನೆಗೆ ಗಟ್ಟಿಯಾಗಿ ನಿಂತಿತು. ವಕಾಲತ್ತು ಅವರು ಮೊದಲೇ ಹೇಳಿದ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಡತ

ಅಂದರೆ ವಿಳಂಬ ಗೆದ್ದಿತು ಎಂದೂ ಓದಬಹುದಲ್ಲವೇ? 1996ರಲ್ಲಿ ಶುರುವಾದ ಪ್ರಕರಣ, ಮೊದಲ ಆರೋಪಿ ಅಂತಿಮ ತೀರ್ಪನ್ನು ನೋಡಲೇ ಇಲ್ಲ. ಭಾಷಾಂತರಕ್ಕೆ ಅರ್ಜಿ, ಮರುವಿಚಾರಣೆಗೆ ಅರ್ಜಿ, ಅಭಿಯೋಜಕರ ಬಗ್ಗೆ ಅರ್ಜಿ, ಒಂದೊಂದೂ ಸುಪ್ರೀಂ ಕೋರ್ಟಿನವರೆಗೆ. ಅವುಗಳಲ್ಲಿ ಕೆಲವು ನ್ಯಾಯಯುತವೇ ಇದ್ದವು. ಒಟ್ಟು ಪರಿಣಾಮ ಮಾತ್ರ ಕಾಲವನ್ನು ಕೊಂಡುಕೊಂಡದ್ದು, ಮತ್ತು ಆ ಕಾಲದಲ್ಲಿ ಅವರು ಮತ್ತೆ ಮತ್ತೆ ಚುನಾವಣೆ ಗೆದ್ದು ಮುಖ್ಯಮಂತ್ರಿಯಾದರು.

ಇಂದಿರಾ ಪ್ರಕರಣದ ಬಾಲವನ್ನೂ ಮರೆಯಬೇಡಿ. ಮೇಲ್ಮನವಿ ಬಾಕಿಯಿರುವಾಗಲೇ ಸಂಸತ್ತು ಚುನಾವಣಾ ಕಾನೂನನ್ನು ಹಿಂದಿನಿಂದಲೇ ಜಾರಿಗೆ ಬರುವಂತೆ ತಿದ್ದಿತು. ಅಭ್ಯರ್ಥಿ ಎಂದರೆ ನಾಮಪತ್ರ ಸಲ್ಲಿಸಿದ ಮೇಲಿನ ವ್ಯಕ್ತಿ ಎಂದಾಯಿತು. ಡಿಸೆಂಬರ್ 29ರ ಆ ಪತ್ರಿಕಾಗೋಷ್ಠಿ ಒಂದೇ ಏಟಿಗೆ ಅಪ್ರಸ್ತುತವಾಯಿತು. ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯದ ವ್ಯಾಪ್ತಿಯಿಂದಲೇ ಹೊರಗಿಡುವ 39ನೇ ತಿದ್ದುಪಡಿಯ ಭಾಗವನ್ನು ಸುಪ್ರೀಂ ಕೋರ್ಟು 1975ರ ನವೆಂಬರ್ 7ರಂದು ಹೊಡೆದುಹಾಕಿತು, ಆದರೆ ತಿದ್ದಿದ ಚುನಾವಣಾ ಕಾನೂನನ್ನು ಒಪ್ಪಿ ಇಂದಿರಾ ಅವರ ಆಯ್ಕೆಯನ್ನು ಉಳಿಸಿತು. ಅಲಹಾಬಾದಿನ ಪಾಟೀಸವಾಲಿನಲ್ಲಿ ಖರೆ ಅವರ ಕಡೆ ಕಳೆದುಕೊಂಡದ್ದನ್ನು ಮಸೂದೆ ಬರೆಯುವವರು ಮರಳಿ ಗಳಿಸಿಕೊಟ್ಟರು. ಪ್ರಬಲ ರಾಜಕಾರಣಿಯ ವಕೀಲರ ಪಟ್ಟಿಯಲ್ಲಿ ಕಾನೂನು ಸಚಿವಾಲಯವನ್ನೂ ಸೇರಿಸಿಕೊಳ್ಳಿ.

ಕರಾವಳಿಯ ಓದುಗ

ಒಂದು ವ್ಯಾವಹಾರಿಕ ಪ್ರಶ್ನೆ. ಇಂತಹ ಪ್ರಕರಣ ನಾಳೆ ಇನ್ನೊಂದು ರಾಜ್ಯದಿಂದ ನಮ್ಮಲ್ಲಿಗೆ ವರ್ಗವಾದರೆ ಅಭಿಯೋಜಕರನ್ನು ನೇಮಿಸುವವರು ಯಾರೆಂಬ ಗೊಂದಲ ಈಗಲೂ ಉಂಟೇ? ಹೊಸ ಕಾನೂನು ಬಂದಿದೆಯಲ್ಲ.

ವಕಾಲತ್ತು

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನ ಜಾಗದಲ್ಲಿ ಈಗ 18ನೇ ಕಲಮು. ವಿಶೇಷ ಅಭಿಯೋಜಕರನ್ನು ಸರ್ಕಾರವೇ ನೇಮಿಸುತ್ತದೆ ಎಂಬ ಮೂಲ ವ್ಯವಸ್ಥೆ ಬದಲಾಗಿಲ್ಲ. ವರ್ಗವಾದ ಪ್ರಕರಣದಲ್ಲಿ ಆ ಸರ್ಕಾರ ಯಾವುದು ಎಂಬುದಕ್ಕೆ 2015ರ ಏಪ್ರಿಲ್ 27ರ ತೀರ್ಪೇ ದಾರಿ: ಪ್ರಕರಣ ಬಂದು ಸೇರಿದ ರಾಜ್ಯ. ವಿಚಾರಣೆಗೆ ಮಾಡಿದ ನೇಮಕ ಮೇಲ್ಮನವಿಗೆ ತಾನಾಗಿ ಮುಂದುವರಿಯುವುದಿಲ್ಲ ಎಂಬುದೂ ಅದರಲ್ಲೇ ಇದೆ. ಹಾಗಾಗಿ ಶಿಕ್ಷೆಯ ತೀ­ರ್ಪು ಬಂದ ದಿನವೇ ಮೇಲ್ಮನವಿಗೆ ಹೊಸ ನೇಮಕದ ಆದೇಶ ಹೊರಡಿಸುವುದು ನಮ್ಮ ಗೃಹ ಇಲಾಖೆ ಮತ್ತು ಕಾನೂನು ಇಲಾಖೆಯ ಕೆಲಸ. 2014ರ ಸೆಪ್ಟೆಂಬರಿನಲ್ಲಿ ಆ ಆದೇಶ ಬೆಂಗಳೂರಿನಿಂದ ಹೊರಟಿದ್ದರೆ ಆಚಾರ್ಯರಿಗೆ ಐವತ್ತು ಪುಟ ಬರೆಯಲು ಸಿಕ್ಕ ಒಂದು ದಿನದ ಬದಲು ಇಡೀ ಮೇಲ್ಮನವಿಯ ಅವಧಿ ಸಿಗುತ್ತಿತ್ತು.